ತಿಪ್ಪೇಶನನ್ನು ಕೂರಿಸಿದ್ದು

ನನ್ನ ಮಗ ತಿಪ್ಪೇಶ್ ಲಿಂಗೈಕ್ಯನಾದ ಸುದ್ದಿ ಕಂಪ್ಲಿಯ ನಮ್ಮ ಮನೆಗೆ ಬಂದಾಗ, ಅವನ ಮಗಳು ಪೂಜಿತಾ ನನಗೆ ಪಾಠ ಒಪ್ಪಿಸುತ್ತಿದ್ದಳು. ವೈದ್ಯಕೀಯ ಪ್ರವೇಶ ಪರೀಕ್ಷೆಗೆಂದು ಜೀವಶಾಸ್ತ್ರವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಳು. ನನ್ನ ಪೂಜೆ ಮುಗಿದ ಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ನೋಡದೆ ಹೇಳುವುದು ಅವಳ ರೂಢಿ.

“ಜೀವಕೋಶದಾಗ ಮೈಟೊಕಾಂಡ್ರಿಯ ಅಂತ ಇರ್ತಾವ ತಾತ. ಉಂಡ ಅನ್ನದ ಸಕ್ಕರಿ, ಉಸಿರಿನ ಆಮ್ಲಜನಕ ಬಳಸಿ ಎಟಿಪಿ ಮಾಡ್ತಾವ. ಅದಾ ಶಕ್ತಿ. ಸ್ನಾಯು ಬಿಗಿಯಾಗಾಕೂ ಅದಾ ಬೇಕು, ಸಡಿಲಾಗಾಕೂ ಅದಾ ಬೇಕು.”

“ಸಡಿಲಾಗಾಕ ಯಾಕವ್ವ ಶಕ್ತಿ? ಸುಮ್ನ ಬಿಟ್ರ ಆತು.”

“ನಿಮಗ ಸೊನ್ನಿ ಮಾರ್ಕು! ಸ್ನಾಯುವಿನಾಗ ಎರಡು ಥರದ ಎಳಿ ಇರ್ತಾವ. ಒಂದನ್ನೊಂದು ಹಿಡ್ಕೊಂಡ್ರ ಬಿಗಿ. ಆ ಹಿಡಿತ ಬಿಡಸಾಕ ಎಟಿಪಿ ಬಂದು ಕೂಡಬೇಕು.”

ಆಗ ಫೋನ್ ಬಂತು. ನಮ್ಮ ಅಕ್ಕಿ ಗಿರಣಿಯ ಲಾರಿ ಓಡಿಸುವ ಹಂಪೇಶ್ ಹೊಸಪೇಟೆಯಿಂದ ಅಳುತ್ತಿದ್ದ. ಯಂತ್ರದ ಬೆಲ್ಟ್ ತರಲು ಅವನೊಡನೆ ಹೋಗಿದ್ದ ತಿಪ್ಪೇಶ್ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ನಮ್ಮಲ್ಲಿ ದೇಹವನ್ನು ಮಲಗಿಸಿ ಒಯ್ಯುವುದಿಲ್ಲ. ಪ್ರಾಣ ಹೋದ ಕೂಡಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪೂಜೆಗೆ ಕುಳಿತಂತೆಯೇ ಸಮಾಧಿ ಮಾಡುತ್ತೇವೆ. ಆಸ್ಪತ್ರೆಯ ಕಾಗದಪತ್ರಗಳು ಮುಗಿದು ಆಂಬುಲೆನ್ಸ್ ಬಂದಾಗ ಹೊತ್ತು ಇಳಿದಿತ್ತು. ಮಗ ನೀಳವಾಗಿ ಮಲಗಿದ್ದ. ಮೊಣಕಾಲು ಮುಟ್ಟಿ ನೋಡಿದೆ. ಕೊರಡಿನಂತೆ ಸೆಟೆದಿತ್ತು.

“ಯಾಕಲೇ ಮಲಗಿಸಿದಿ?” ಎಂದು ನನ್ನ ತಮ್ಮ ಪಂಪಯ್ಯ ಹಂಪೇಶನ ಮೇಲೆ ಏರಿಹೋದ.

“ನಮ್ಮ ಮಂದ್ಯಾಗ ಮಲಗಿಸೇ ಒಯ್ತೀವ್ರಿ ಅಯ್ಯಾರ. ನನಗೇನು ಗೊತ್ರಿ,” ಎಂದು ಹಂಪೇಶ್ ಕೈಮುಗಿದ.

“ಇರ್ಲಿ. ನಾಕು ಮಂದಿ ಹಿಡಿದು ಮಡಚಿದ್ರಾತು. ಎಮ್ಮಿಗನೂರಾಗ ನಮ್ಮ ಬೀಗರಿಗೆ ಹಂಗ ಮಾಡಿದ್ವಿ,” ಎಂದ ಪಂಪಯ್ಯ.

ಅಂದು ಬೀಗರ ಮೊಣಕಾಲು ಮುರಿದ ಸದ್ದನ್ನು ನಾನು ಕೇಳಿದ್ದೆ. ನನ್ನ ಮಗ ಕೂರಬೇಕು, ಆದರೆ ಅವನ ಎಲುಬು ಮುರಿಯಬಾರದು. ಶಿವನಲ್ಲಿ ನಾನು ಆಗ ಬೇಡಿದ್ದು ಇಷ್ಟೇ.

ನೆರೆದವರಲ್ಲಿ ಇಬ್ಬರು ಕಾಲು ಹಿಡಿದರು. ಪೂಜಿತಾ ತಂದೆಯ ಮೈಮೇಲೆ ಬಾಗಿ ಅಡ್ಡವಾದಳು.

“ಮುಟ್ಟಬ್ಯಾಡ್ರಿ! ಅಪ್ಪನ ಮೈಯಾಗ ಎಟಿಪಿ ಮುಗಿದೈತಿ, ಎಳಿ ಹಿಡ್ಕೊಂಡು ಕುಂತಾವ. ಕೋಶದೊಳಗಿನ ಕಿಣ್ವಗಳು ಆ ಎಳಿ ಕರಗಿಸ್ತಾವ. ಆಮ್ಯಾಲ ತಾನಾ ಸಡಿಲಾಗ್ತದ. ನಾಳಿತನಕ ಕಾಯ್ರಿ.”

“ಬಂದ್ರು ನೋಡ್ರಿ ಡಾಕ್ಟರಮ್ಮಾರು! ಈ ಬಿಸಿಲಾಗ ನಾಳಿತನಕ ದೇಹ ತಡಿತೈತೇನು? ಕಾಯೋದಾದ್ರ ಐಸ್ ಪೆಟ್ಟಿಗಿ ತರಸ್ತೀನಿ,” ಎಂದ ಪಂಪಯ್ಯ.

“ಪೆಟ್ಟಿಗಿ ಬ್ಯಾಡ ಸಣ್ಣ ತಾತ. ತಂಪಿನಾಗ ಕಿಣ್ವದ ಕೆಲಸ ನಿಧಾನ ಆಗ್ತದ. ನಾಳೀನೂ ಅಪ್ಪ ಹಿಂಗ ಇರ್ತಾರ.”

“ಪೆಟ್ಟಿಗಿ ಇಲ್ದ ಕೆಟ್ರ?”

ಅವಳು ನನ್ನತ್ತ ತಿರುಗಿದಳು.

“ಖಾತ್ರಿ ಐತೇನವ್ವ?” ಎಂದು ನಾನು ಕೇಳಿದೆ.

“ಪಾಠದಾಗ ಹಂಗೈತಿ ತಾತ. ಕಣ್ಣಾರೆ ನೋಡಿಲ್ಲ.”

ಸೊಸೆ ನೀಲಗಂಗಮ್ಮ ಗಂಡನ ಪಾದ ಬಿಡದೆ ಕುಳಿತಿದ್ದಳು. “ಅವರನ್ನ ನೋಯಿಸಬ್ಯಾಡ್ರಿ ಮಾವ,” ಎಂದಳು.

ಪೆಟ್ಟಿಗೆ ಬೇಡ, ಯಾರೂ ಮುಟ್ಟಬೇಡಿ ಎಂದುಬಿಟ್ಟೆ. “ವಾಸನಿ ಬಂದ್ರ ನಾ ಹೆಗಲು ಕೊಡಂಗಿಲ್ಲ,” ಎಂದು ಪಂಪಯ್ಯ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಮರುದಿನ ಬಿಸಿಲೇರಿತು. ಸಮಾಧಿಯ ಕುಣಿ ಸಿದ್ಧವಾಗಿದೆಯೆಂದು ಹೇಳಿಕಳಿಸಿದರು. ಕಾಲು ಹಾಗೆಯೇ ಸೆಟೆದಿತ್ತು. ಹೊಟ್ಟೆ ಸ್ವಲ್ಪ ಉಬ್ಬಿದಂತೆ ಕಂಡು ನನ್ನ ಧೈರ್ಯ ಕುಗ್ಗಿತು. ಊದುಬತ್ತಿಯ ಮೇಲೆ ಊದುಬತ್ತಿ ಹಚ್ಚಿದೆವು. ಬಾಯಲ್ಲಿ ಶಿವನಾಮವಿದ್ದರೂ ಕಣ್ಣು ಮೊಣಕಾಲನ್ನು ಬಿಡಲಿಲ್ಲ. ಹುಡುಗಿಯ ಪಾಠವನ್ನು ನಂಬಿ ಮಗನ ದೇಹ ಕೆಡಿಸಿದೆನೇ?

ಪೂಜಿತಾ ತಂದೆಯ ತಲೆಯನ್ನು ಮೆಲ್ಲಗೆ ಎತ್ತಿದಳು. ಕುತ್ತಿಗೆ ಹೊರಳಿತು. “ಮೊದಲು ಕುತ್ತಿಗಿ, ಆಮ್ಯಾಲ ಕೈ. ಕಾಲು ಕೊನೀಗೆ ತಾತ,” ಎಂದಳು. ಮಧ್ಯಾಹ್ನದ ಹೊತ್ತಿಗೆ ಮೊಣಕೈ ಮಡಚಿತು. ಕಾಲು ಬಗ್ಗಲಿಲ್ಲ.

ಪಂಪಯ್ಯ ಟವಲಿನಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದ. “ಇನ್ನ ಆಗಂಗಿಲ್ಲ ಅಣ್ಣ. ನೀ ಆ ಕಡಿ ತಿರುಗು.”

ನಾನು ತಡೆಯಲಿಲ್ಲ. ಅವನು ಮಂಡಿಯೂರಿ ಕುಳಿತು, ಎರಡೂ ಕೈಯಿಂದ ಮೊಣಕಾಲು ಹಿಡಿದು ಬಲವಾಗಿ ಅಮುಕಲು ಹೊರಟ. ಬಲ ಹಾಕುವ ಮೊದಲೇ ಕಾಲು ಅವನ ಕೈಯಲ್ಲಿ ಮೆತ್ತಗೆ ಮಡಚಿಕೊಂಡಿತು. ಪಂಪಯ್ಯ ಬೆಚ್ಚಿ ಕೈ ಸಡಿಲಿಸಿದ. ಆಮೇಲೆ ಆ ಪಾದವನ್ನು ಕೂಸಿನ ಪಾದದಂತೆ ಹಿಡಿದು, ಇನ್ನೊಂದು ತೊಡೆಯ ಕೆಳಗೆ ತಾನೇ ಸೇರಿಸಿದ.

“ಬಾರವ್ವ, ಬೆನ್ನಿಗೆ ಆನಿಕಿ ಕೊಡು,” ಎಂದು ಪೂಜಿತಾಳನ್ನು ಕರೆದ.

ತಿಪ್ಪೇಶ್ ಕುಳಿತ. ಹಣೆಗೆ ವಿಭೂತಿ ಹಚ್ಚಿ ಅಂಗೈಗೆ ಲಿಂಗವನ್ನಿಟ್ಟೆ. ಬೆರಳುಗಳು ಅದನ್ನು ಸುತ್ತಿ ನಿಂತವು.

ಶಿವನೇ, ಪಂಪಾಪತಿಯೇ, ಮಗ ನಿನ್ನ ಮುಂದೆ ನೋವಿಲ್ಲದೆ ಕುಳಿತಿದ್ದಾನೆ. ಅವನನ್ನು ನಿನ್ನೊಳಗೆ ತೆಗೆದುಕೋ. ಅವನ ಜೀವಕ್ಕೆ ಶಾಂತಿ ಕೊಡು, ತಂದೆ.