ನಿಮ್ಮವರು

ಪಕ್ಕದ ಮನೆಯ ಅಂಗಳದಲ್ಲಿ ನೆಟ್ಟಿದ್ದ ‘ಮಾರಾಟಕ್ಕಿದೆ’ ಎಂಬ ಬೋರ್ಡನ್ನು ವರ್ನಾ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಕದಲಲಿಲ್ಲ. ವಾಲ್ಟ್ ತನ್ನ ಜಗಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

“ಆಳವಾಗಿ ಹೂತಿದಾರೆ. ಸೊಂಟ ಹಿಡ್ಕೊಂಡೀತು, ಬಿಡು.”

“ನನ್ನ ಸೊಂಟದ ಚಿಂತೆ ಈಗ ಬಂತಾ? ಹೇಳದೆ ಕೇಳದೆ ಬೋರ್ಡು ನೆಡಿಸೋವಾಗ ಇರ್ಲಿಲ್ಲ.”

ವರ್ನಾ ಟಿಬ್ಸ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳೂ ಈಗಿಲ್ಲದ ಗಂಡ ಓಟಿಸನೂ ಶಿಕಾಗೋ ಬಿಟ್ಟು ಊರಾಚೆಯ ಗ್ಲೆನ್‌ಹರ್ಸ್ಟಿನ ಈ ಬೀದಿಗೆ ಬಂದಾಗ ಇಲ್ಲಿ ಇನ್ನೊಂದು ಕಪ್ಪು ಜನರ ಮನೆ ಇರಲಿಲ್ಲ. ಇವರು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಎದುರು ಮನೆಯ ಹುಲ್ಲಿನ ಮೇಲೆ ಇಂಥದೇ ಬೋರ್ಡು ಎದ್ದಿತ್ತು. ಕಪ್ಪು ಜನ ಬಂದರೆಂದು ಕೆಲವೇ ಬೇಸಿಗೆಗಳಲ್ಲಿ ಬಿಳಿಯರೆಲ್ಲ ಖಾಲಿ. ಉಳಿದವನು ಪಕ್ಕದ ಮನೆಯ ಕೊಳಾಯಿ ರಿಪೇರಿಯ ವಾಲ್ಟ್ ಜರೆಂಬಾ ಒಬ್ಬನೇ. ಬಿಟ್ಟುಹೋದ ಮನೆಗಳಿಗೆ ಕಪ್ಪು ಜನ ಬಂದರು, ಆಮೇಲೆ ಮೆಕ್ಸಿಕೊದವರು. ಈಗ ರೈಲು ನಿಲ್ದಾಣ ಹತ್ತಿರವೆಂದು ಹಣವಂತರು ಬರುತ್ತಿದ್ದಾರೆ. ಹಳೆಯ ಮನೆ ಕೆಡವಿ ಸೈಟಿನ ತುಂಬ ಕಟ್ಟುತ್ತಾರೆ. ಮನೆ ತೆರಿಗೆ ಏರಿ ಏರಿ ಮೆಕ್ಸಿಕೊದವರು ಹೋದರು, ವರ್ನಾಳ ಜೊತೆ ಚರ್ಚಿಗೆ ಬರುತ್ತಿದ್ದವರೂ ಹೋದರು. ಮೊನ್ನೆ ಬಡಾವಣೆಯ ಸಂಘದ ಹುಡುಗಿಯೊಬ್ಬಳು ಬಂದು, ಎಲ್ಲ ಬಣ್ಣದವರೂ ಇಲ್ಲಿದ್ದಾರೆಂದು ತೋರಿಸಬೇಕು, ನಿಮ್ಮದೊಂದು ಫೋಟೋ ತೆಗೆಯಲೇ ಎಂದು ಕೇಳಿದ್ದಳು. “ಬೇಗ ತೆಗಿ. ಉಳಿದಿರೋಳು ನಾನೊಬ್ಳೇ,” ಎಂದು ವರ್ನಾ ಬಾಗಿಲು ಹಾಕಿಕೊಂಡಿದ್ದಳು.

“ಅವರೆಲ್ಲ ಓಡಿದಾಗ ನಿಂತೋನು, ಈಗ ಯಾರಿಗೆ ಹೆದರಿ ಓಡ್ತಿದೀಯ?” ವರ್ನಾ ಬೋರ್ಡು ಬಿಟ್ಟು ವಾಲ್ಟ್‌ನತ್ತ ತಿರುಗಿದಳು.

“ತೆರಿಗೆಗೆ. ನನ್ನ ಪಿಂಚಣಿಯಲ್ಲಿ ಮನೆ ಉಳಿಸ್ಕೊಂಡ್ರೆ ಊಟ ಇಲ್ಲ, ಊಟ ಮಾಡಿದ್ರೆ ಮನೆ ಇಲ್ಲ.” ವಾಲ್ಟ್ ದನಿ ತಗ್ಗಿಸಿದ. “ಕೆಡವೋ ಬಿಲ್ಡರ್ ಜಾಸ್ತಿ ಕೊಡ್ತೀನಂದ. ಬೇಡ ಅಂದೆ. ಗಂಡ ಹೆಂಡ್ತಿ ಇಬ್ರೂ ಡಾಕ್ಟ್ರು, ಅವರಿಗೇ ಮಾತು ಕೊಟ್ಟಿದೀನಿ. ನಿಮ್ಮವರೇ, ವರ್ನಾ. ನಿನಗೆ ಖುಷಿಯಾಗ್ಲಿ ಅಂತ.”

“ನಮ್ಮವರು,” ಎಂದಳು ವರ್ನಾ. “ಹಾಗಾದ್ರೆ ಇಷ್ಟು ವರ್ಷ ನೀನು ಯಾರವನಾಗಿದ್ದೆ?”



ಮಾರಾಟ ಮುಗಿದು ವಾಲ್ಟ್ ಬಾಡಿಗೆ ಫ್ಲ್ಯಾಟಿಗೆ ಹೋದ. ಡಾಕ್ಟರರ ಸಾಮಾನು ಬಂದಿಳಿಯಿತು. ಸಿಟ್ಟು ಅವರ ಮೇಲೇನಲ್ಲವಲ್ಲ ಎಂದುಕೊಂಡು ವರ್ನಾ ಪೀಚ್ ಹಣ್ಣಿನ ಪೈ ಬೇಯಿಸಿ, ಬಟ್ಟೆಚೀಲದಲ್ಲಿಟ್ಟು, ಅಡುಗೆಯ ಏಪ್ರನ್ನಿನಲ್ಲೇ ಹೋಗಿ ಬೆಲ್ ಒತ್ತಿದಳು. ಬಾಗಿಲು ಅರ್ಧ ತೆರೆಯಿತು. ಹೊಸ ಮನೆಯೊಡತಿ ಕಮೀಲ್ ಆ್ಯಶ್ಬಿ ಆಸ್ಪತ್ರೆಯ ಉಡುಪಿನಲ್ಲಿದ್ದಳು, ಕಿವಿಯಲ್ಲಿ ಫೋನು.

“ಕ್ಲೀನಿಂಗಿಗೆ ಆಗ್ಲೇ ಬೇರೆಯವರನ್ನ ಗೊತ್ತು ಮಾಡಿದೀವಿ ಅಮ್ಮ,” ಎಂದಳು, ಒರಟಾಗೇನಲ್ಲ. “ಬೇಕಾದ್ರೆ ಹೇಳಿ ಕಳಿಸ್ತೀನಿ.”

ಬಿಳಿಯರು ಹೀಗೆಂದರೆ ಕೊಡಲು ವರ್ನಾಳ ಬಳಿ ಉತ್ತರಗಳಿದ್ದವು. ಬೇಕಾದಷ್ಟು ಸಲ ಕೊಟ್ಟೂ ಇದ್ದಳು. ತನ್ನ ತಂಗಿಯನ್ನೇ ಹೋಲುವ ಈ ಮುಖಕ್ಕೆ ಅವು ಯಾವುವೂ ಒಗ್ಗಲಿಲ್ಲ.

“ನಾನು ಪಕ್ಕದ ಮನೆಯೋಳು,” ಎಂದಷ್ಟೇ ಹೇಳಿ ಚೀಲದ ಸಮೇತ ತಿರುಗಿ ಬಂದಳು. ಹಿಂದಿನಿಂದ ಕಮೀಲ್ ಏನೋ ಅಂದದ್ದು ಕೇಳಿಸಿತು. ನಿಲ್ಲಲಿಲ್ಲ.

ಸಂಜೆ ವಾಲ್ಟ್ ಫೋನ್ ಮಾಡಿದ. “ಹೇಗಿದಾರೆ ನಿಮ್ಮವರು?”

“ನೀನೇ ಆರಿಸಿ ಕೊಟ್ಟೋನು. ನೀನೇ ಹೇಳು.”

“ಯಾಕೆ, ಏನಾಯ್ತು?”

ಅಷ್ಟರಲ್ಲಿ ಮುಂಬಾಗಿಲಿನ ಬೆಲ್ ಆಯಿತು. ಕಮೀಲ್ ಒಬ್ಬಳೇ ನಿಂತಿರುವುದು ಕಿಟಕಿಯಿಂದ ಕಾಣುತ್ತಿತ್ತು.

“ಯಾರೋ ಬಂದಂಗಿದೆ,” ಎಂದ ವಾಲ್ಟ್.

“ಬಂದ್ರೆ ಬರ್ಲಿ.”

ಬೆಲ್ ಇನ್ನೊಮ್ಮೆ ಆಯಿತು. ವರ್ನಾ ಏಳಲಿಲ್ಲ. ಮೂರನೆಯ ಸಲ ಒತ್ತುವ ಬದಲು ಕಮೀಲ್ ಮೆಟ್ಟಿಲ ಮೇಲೆ ಕೂತುಬಿಟ್ಟಳು, ಮೊಣಕಾಲಿಗೆ ಗಲ್ಲ ಊರಿ, ಬೀದಿಯ ಕಡೆ ಮುಖ ಮಾಡಿ.

ವರ್ನಾ ಫೋನ್ ಕೆಳಗಿಟ್ಟು ಬಾಗಿಲ ಬಳಿ ಹೋದಳು. ಸದ್ದಾಗದಂತೆ ಚಿಲಕ ತೆಗೆದಳು. ಬಾಗಿಲು ತೆರೆಯಲಿಲ್ಲ. ಬಾಗಿಲ ಗಾಜಿನಾಚೆಯ ಆ ಬಗ್ಗಿದ ಬೆನ್ನನ್ನು ನೋಡುತ್ತ ಹಾಗೇ ನಿಂತಳು.