ಪುಟ್ಟಿಗೆ ಮುಂಚಿನ ತಡ

"ನಿಮ್ಮ ಮೇಲೆ ಯಾರ್ಯಾರ ಪ್ರಭಾವ ಇದೆ, ಸರ್?" ಎಂದು ಮನೆಗೆ ಬಂದ ರೇಡಿಯೊದ ಹುಡುಗಿ ರೆಕಾರ್ಡಿಂಗ್ ಪೆಟ್ಟಿಗೆ ಮುಂದಿಟ್ಟು ಕೇಳಿದ್ದೇ ತಡ, ಗಂಟೆಮಾಮನಿಗೆ ಮೂಗಿನ ತುದಿಗೆ ಕೋಪ ಬಂತು.

"ಯಾರ ಪ್ರಭಾವಾನೂ ಇಲ್ಲಮ್ಮ. ಶಿಫಾರಸು ಹಿಡ್ಕೊಂಡು ಕೆಲಸಕ್ಕೆ ಸೇರಿದವನಲ್ಲ ನಾನು. ಹಳಬರು ಹಗ್ಗ ಕೈಗೆ ಕೊಟ್ರು, ಎಳೆದೆ. ಅಷ್ಟೇ."

ಹುಡುಗಿ ನಗು ತಡೆದುಕೊಂಡಳು. "ಅದಲ್ಲ ಸರ್. ನಿಮ್ಮ ಸಂಗೀತ ಎಲ್ಲಿಂದ ಬಂತು, ಯಾರಿಂದ ಕಲಿತ್ರಿ, ಅದನ್ನ ಕೇಳಿದ್ದು."

ಸಂಗೀತ ಎಂದಳಲ್ಲ, ಗಂಟೆಮಾಮ ತಬ್ಬಿಬ್ಬಾಗಿಬಿಟ್ಟ. ಐವತ್ತು ವರ್ಷ ಚರ್ಚಿನ ಗೋಪುರದಲ್ಲಿ ಮೂರು ಗಂಟೆಗಳನ್ನು ಬಾರಿಸಿದ್ದಾನೆ. ಗಂಟೆ ಹೊಡೆಯೋನು ಎಂದವರುಂಟು, ಬೆಳಗಿನ ನಿದ್ದೆ ಕೆಡಿಸೋನು ಎಂದು ಬೈದವರೂ ಉಂಟು. ಸಂಗೀತ ಅಂದವರು ಯಾರೂ ಇರಲಿಲ್ಲ. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಎಡಗಿವಿಯ ಯಂತ್ರ ಆಗಾಗ ಕುಂಯ್ ಎನ್ನುತ್ತಿತ್ತು. ಮದುವೆಯಾದಂದಿನಿಂದ ಅವಳನ್ನು ಹೆಸರು ಹಿಡಿದು ಕರೆದವನಲ್ಲ ಅವನು, ಏನಿದ್ದರೂ "ಕೇಳಿಸ್ತಾ?" ಎಂದೇ ಕೂಗುವುದು. ಮೊದಲೆಲ್ಲ ಅದು ಬರೀ ಕರೆಯಾಗಿತ್ತು, ಎರಡು ವರ್ಷದಿಂದ ನಿಜವಾದ ಪ್ರಶ್ನೆಯೇ ಆಗಿಹೋಗಿದೆ. ಹೋದ ವಾರ ಕಿವಿ ಡಾಕ್ಟರು ಅವನನ್ನು ಹೊರಗೆ ಕರೆದು, "ಕಿವಿ ಕೇಳೋದು ಇನ್ನು ಆರು ತಿಂಗಳು ಅಂದ್ಕೊಳ್ಳಿ. ಅವರಿಗೆ ಹೇಳೋದು ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ" ಎಂದಿದ್ದರು. ಡಾಕ್ಟರು ಸುಮ್ಮನೆ ಅಂದ ಮಾತು ಅದು. ಆದರೆ ಗಂಟೆಮಾಮನಿಗೆ ಹೇಳಬೇಕಾದದ್ದು ಒಂದು ನಿಜವಾಗಿಯೂ ಇತ್ತು, ನಲವತ್ತೇಳು ವರ್ಷದಿಂದ ಗಂಟಲಲ್ಲೇ ಕೂತಿತ್ತು.

"ಮೊದಲು ನಮ್ಮಮ್ಮ" ಎಂದು ಅವನು ಶುರುಮಾಡಿದ. ಅಮ್ಮ ಹೊಲಿಗೆಯವಳು. ಯಂತ್ರದ ಕೆಳಗೆ, ಅವಳ ಪಾದದ ಪಕ್ಕದಲ್ಲಿ ಕೂತು ಆಡಿ ಬೆಳೆದವನು ಇವನು. ನೇರ ಹೊಲಿಗೆಗೆ ಪಾದ ಒಂದು ಓಟ ಓಡುತ್ತಿತ್ತು, ಕಾಲರಿನ ತಿರುವು ಬಂದರೆ ಮೆಲ್ಲಗಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ತೋಳು ಹೊಲಿಯುತ್ತಿದ್ದಾಳೋ ಜೇಬು ಹೊಲಿಯುತ್ತಿದ್ದಾಳೋ ಹೇಳಬಲ್ಲವನಾಗಿದ್ದ. ಮುಂದೆ ಗೋಪುರದಲ್ಲಿ ಅದೇ ಉಪಯೋಗಕ್ಕೆ ಬಂತು. ದೊಡ್ಡ ಗಂಟೆಯ ಹಗ್ಗವನ್ನು ನೆಲದ ಹಲಗೆಯೊಂದಕ್ಕೆ ಕಟ್ಟಿದ್ದರು; ಅದನ್ನು ಕಾಲಿನಲ್ಲಿ ತುಳಿಯಬೇಕು. ನಡುವಿನದು ಎಡಗೈಗೆ, ಚಿಕ್ಕದು ಬಲಗೈಗೆ.

"ಅವಕ್ಕೆ ಹೆಸರಿದೆ ತಾಯಿ. ದೊಡ್ಡಮ್ಮ, ಅಕ್ಕ, ಪುಟ್ಟಿ. ದೊಡ್ಡಮ್ಮ ಹೇಳಿದ್ದು ಕೇಳ್ತಾಳೆ. ಅಕ್ಕನಿಗೆ ಮಳೆಗಾಲದಲ್ಲಿ ಗಂಟಲು ಕಟ್ಟತ್ತೆ. ಪುಟ್ಟಿದು ಬಾಯಿ ಜೋರು."

ಹೆಸರಿಟ್ಟವನು ಕಮ್ಮಾರ ಮಾವ, ಇವನಿಗಿಂತ ಮುಂಚೆ ಬಾರಿಸುತ್ತಿದ್ದವನು. ಹಗಲೆಲ್ಲ ಕುಲುಮೆಯಲ್ಲಿ ಕಬ್ಬಿಣ ಬಡಿದು, ಹೊತ್ತಿಗೆ ಸರಿಯಾಗಿ ಮಸಿ ಕೈಯಲ್ಲೇ ಗೋಪುರ ಹತ್ತುತ್ತಿದ್ದ. ಮೂರು ತಿಂಗಳು ಇವನಿಗೆ ಹಗ್ಗವನ್ನು ಎಳೆಯಲು ಕೊಡಲೇ ಇಲ್ಲ. ತಾನು ಎಳೆದ ಹಗ್ಗವನ್ನು ಇವನ ಕೈಗೆ ದಾಟಿಸಿ, "ಎಳೆಯೋದು ಕತ್ತೆಗೂ ಬರತ್ತೆ, ಬಿಡೋದು ಕಲಿ" ಎನ್ನುತ್ತಿದ್ದ. ಗಂಟೆ ಬಾರಿಸಿದ ಮೇಲೆ ಅದನ್ನು ಹಾಡಲು ಬಿಡಬೇಕು, ಅದರ ಮಾತು ಮುಗಿಯುವ ಮೊದಲೇ ಬಾಯಿ ಹಾಕಬಾರದು ಎಂಬುದು ಅವನ ಪಾಠ. ಅವನನ್ನು ನೆನೆದು ಗಂಟೆಮಾಮನ ಕಣ್ಣಂಚು ಒದ್ದೆಯಾಯಿತು.

ಹುಡುಗಿ ಮುಂದಿನ ಪ್ರಶ್ನೆಗೆ ಬಂದಳು. "ಅಕ್ಕ ಬಾರಿಸಿದ ಮೇಲೆ ಪುಟ್ಟಿಗೆ ಮುಂಚೆ ಒಂದು ಉಸಿರಿನಷ್ಟು ತಡ ಮಾಡ್ತೀರಲ್ಲ ಸರ್, ಬೇರೆಲ್ಲೂ ಅದನ್ನ ನಾನು ಕೇಳಿಲ್ಲ. ಇನ್ನೂರು ವರ್ಷದ ಹಳೇ ಪದ್ಧತಿ ಅಂತ ಚರ್ಚಿನ ಪುಸ್ತಕದಲ್ಲೂ ಇದೆ. ಅದರ ಬಗ್ಗೆ ಹೇಳಿ."

ಗಂಟೆಮಾಮ ಅಂಗಿಯ ಮೇಲಿನ ಗುಂಡಿಯನ್ನು ಮತ್ತೆ ಬಿಚ್ಚಿದ.

ಇನ್ನೂರು ವರ್ಷವೂ ಇಲ್ಲ, ಪದ್ಧತಿಯೂ ಇಲ್ಲ. ಆಗ ಗೋಪುರದ ಕಿಟಕಿಯ ಎದುರಿಗೆ ಬಣ್ಣ ಹಾಕುವವರ ಮನೆಯ ತಾರಸಿ ಇತ್ತು. ಒಂದು ಸಂಜೆ ಒಬ್ಬ ಹುಡುಗಿ ಅಲ್ಲಿ ಒದ್ದೆ ನೂಲಿನ ಲಡಿಗಳನ್ನು ಹರವುತ್ತಿದ್ದಳು, ಕೈ ಮೊಣಕೈವರೆಗೆ ನೀಲಿ. ಅಕ್ಕ ಬಾರಿಸಿದ್ದೇ ಅವಳು ಹಣೆಗೆ ಕೈ ಅಡ್ಡ ಹಿಡಿದು ಗೋಪುರದತ್ತ ನೋಡಿದಳು. ಇವನ ಬಲಗೈ ಎಳೆಯುವುದನ್ನೇ ಮರೆಯಿತು. ಮರೆತದ್ದು ಒಂದೇ ಉಸಿರು. ಮರುದಿನವೂ ಅವಳು ಅಲ್ಲಿದ್ದಳು, ಕೈ ಮತ್ತೆ ಮರೆಯಿತು. ಮೂರನೆಯ ದಿನ ಚರ್ಚಿನ ಹಾಡಿನ ಮೇಷ್ಟ್ರು ಹಿಡಿದು ನಿಲ್ಲಿಸಿ, "ಇದೇನಯ್ಯ ನಡುವೆ ತಡ?" ಎಂದರು. ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲಿ ಗಂಟೆಮಾಮ ಒಂದು ರೈಲು ಬಿಟ್ಟ. "ಕಮ್ಮಾರ ಮಾವ ಹೇಳಿಕೊಟ್ಟದ್ದು ಸಾರ್. ಅವರ ಗುರುಗಳ ಗುರುಗಳ ಕಾಲದ್ದಂತೆ." ಅಲ್ಲ ಎನ್ನಲು ಕಮ್ಮಾರ ಮಾವ ಬದುಕಿರಲಿಲ್ಲ. ಮೇಷ್ಟ್ರು ತಲೆದೂಗಿ ಹೋಗಿ ಪಾದ್ರಿಗಳಿಗೆ ಹೇಳಿದರು, ಪಾದ್ರಿಗಳು ಪುಸ್ತಕದಲ್ಲಿ ಬರೆಸಿದರು. ಹೀಗೆ ಅವನು ಇಡೀ ಊರಿನ ಕಿವಿಗೆ ಹೂವಿಟ್ಟ.

ಆ ಹುಡುಗಿಯನ್ನೇ ಮದುವೆಯಾದ. ಅದಕ್ಕೂ ಮುಂಚೆ ಚೆನ್ನಾಗಿದ್ದ ಬಿಳಿ ಅಂಗಿಯೊಂದನ್ನು ಮೂರು ಸಲ ಬಣ್ಣಕ್ಕೆ ಕೊಟ್ಟು ಹಾಳುಮಾಡಿಕೊಂಡಿದ್ದ. ಅಂಗಿಯ ಕಥೆ ಅವಳಿಗೆ ಗೊತ್ತು, ತಡದ ಕಥೆ ಮಾತ್ರ ಗೊತ್ತಿಲ್ಲ. ಮೊದಲು ನಾಚಿಕೆ ಅಡ್ಡ ಬಂತು, ಆಮೇಲೆ ಸುಳ್ಳು ಅಡ್ಡ ಬಂತು, ಆಮೇಲೆ ಮಕ್ಕಳು ಮರಿ. ಊರಿಗೆಲ್ಲ ಕೇಳುವಂತೆ ಸದ್ದು ಮಾಡುವ ಈ ಮನುಷ್ಯ ಮನೆಯಲ್ಲಿ ಹೂಂ, ಉಹೂಂ ಎರಡರಲ್ಲೇ ಸಂಸಾರ ಸಾಗಿಸಿದವನು. ಸಂಜೆ ಬಾರಿಸಿ ಬಂದರೆ ಅವಳು ಎಣ್ಣೆ ಬಿಸಿ ಮಾಡಿ ಅವನ ಬಲಭುಜ ಉಜ್ಜುತ್ತಾಳೆ. ಅವಳ ತವರಿನ ರೂಢಿ ಇರಬೇಕು ಅಂದುಕೊಂಡು ಭುಜ ಕೊಟ್ಟು ಕೂರುತ್ತಾನೆ. ಯಾಕೆ ಅಂತ ಒಂದು ದಿನವೂ ಕೇಳಿದವನಲ್ಲ.

"ಅದು ನಮ್ಮ ಗುರುಗಳ ಗುರುಗಳ..." ಎಂದು ನಾಲಿಗೆ ತಾನಾಗಿಯೇ ಹೊರಟಿತು. ಅಷ್ಟರಲ್ಲಿ ಹೆಂಡತಿ ಕಾಣಿಸಿದಳು. ಒಂದು ಮಾತೂ ತಪ್ಪಿಹೋಗಬಾರದೆಂದು ಮುಂದೆ ಬಾಗಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ಗಂಟೆಮಾಮ ಮಾತು ನಿಲ್ಲಿಸಿದ.

"ಆ ಪೆಟ್ಟಿಗೆ ಸ್ವಲ್ಪ ಆರಿಸ್ತೀಯಾ ತಾಯಿ."

ಹುಡುಗಿ ಆರಿಸಿದಳು. ಅವನು ಕುರ್ಚಿಯನ್ನು ಹೆಂಡತಿಯ ಹತ್ತಿರ ಎಳೆದುಕೊಂಡ.

"ಕೇಳಿಸ್ತಾ? ಆ ತಡ ನಿನ್ನಿಂದ ಆದದ್ದು."

"ದಡಾನಾ? ಯಾವ ದಡ?"

"ತಡ. ಪುಟ್ಟಿಗೆ ಮುಂಚೆ. ನೀನು ತಾರಸಿ ಮೇಲೆ ನಿಂತು ನೋಡಿದ್ದೆ. ನನ್ನ ಕೈ ನಿಂತುಹೋಯ್ತು."

"ನಿಮಗೆ ಕೈ ಬಿದ್ದುಹೋಯ್ತಾ?" ಅವಳು ಗಾಬರಿಯಾದಳು.

ಪಿಸುಗುಟ್ಟಬೇಕಾದ ಮಾತನ್ನು ಅವನು ಕಿರಿಚಿಯೇ ಹೇಳಬೇಕಾಯಿತು. ಮುಖ ಕೆಂಪಗಾಯಿತು, ಕಿಟಕಿ ಬೇರೆ ತೆರೆದಿತ್ತು. "ನಿನ್ನನ್ನ ನೋಡಿ ಕೈ ನಿಂತುಹೋಯ್ತು ಕಣೇ. ನಲವತ್ತೇಳು ವರ್ಷದಿಂದ ದಿನಾ ನಿನಗೋಸ್ಕರ ನಿಲ್ಲಿಸ್ತಿದ್ದೀನಿ. ಗುರುಗಳದ್ದೂ ಅಲ್ಲ, ಯಾರದ್ದೂ ಅಲ್ಲ."

ಪಕ್ಕದ ಮನೆಯಲ್ಲಿ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು.

ಹೆಂಡತಿಯ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಅವನು ಹೆದರಿದ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಾನು ಭುಜ ನೋವು ಅಂದ್ಕೊಂಡಿದ್ದೆನಲ್ರೀ."

"ಯಾರ ಭುಜ?"

"ನಿಮ್ಮದೇ. ಬಲಗೈ ಸರದಿ ಬಂದಾಗಲೇ ತಡ ಆಗ್ತಿತ್ತು. ಪಾಪ, ಎತ್ತಕ್ಕೆ ಆಗ್ತಿಲ್ಲ, ಹೇಳಿಕೊಳ್ಳೋ ಜಾತಿಯೂ ಅಲ್ಲ ಅಂತ ಮದುವೆಯಾದ ವಾರದಿಂದ ಎಣ್ಣೆ ಹಚ್ತಿದ್ದೀನಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋವೇ ಇರಲಿಲ್ವಾ?"

"ಆಗ ಇರಲಿಲ್ಲ" ಎಂದ ಗಂಟೆಮಾಮ. "ಈಗ ನಾಲ್ಕು ವರ್ಷದಿಂದ ಇದೆ. ಎಣ್ಣೆ ನಿಲ್ಲಿಸಬೇಡ."

ರೇಡಿಯೊದ ಹುಡುಗಿ ಮೂಗು ಸೀಟಿಕೊಂಡು, ಕಾರ್ಯಕ್ರಮದಲ್ಲಿ ತಡದ ಬಗ್ಗೆ ಏನು ಹೇಳಲಿ ಎಂದು ಕೇಳಿದಳು.

"ಹಳೇ ಪದ್ಧತಿ ಅಂತಲೇ ಹಾಕಮ್ಮ. ನಲವತ್ತೇಳು ವರ್ಷ ಆಯ್ತಲ್ಲ, ಈಗ ಹಳೇದೇ."

ಸಂಜೆ ಆರಕ್ಕೆ ಹೆಂಡತಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೂವತ್ತೆಂಟು ಮೆಟ್ಟಿಲಿಗೆ ಆರು ಕಡೆ ಕೂತು, ಮಂಡಿಗೆ ಬೈಯುತ್ತ ಹತ್ತಿದಳು. ಗೋಪುರದ ಕೋಣೆಯಲ್ಲಿ ಅವನ ಮುಕ್ಕಾಲಿಯ ಮೇಲೆ ಕೂತು ಕಿಟಕಿಯಾಚೆ ನೋಡಿದಳು. ಬಣ್ಣದವರ ತಾರಸಿಯಲ್ಲಿ ಈಗ ನೀರಿನ ಟ್ಯಾಂಕುಗಳಿದ್ದವು.

ಅವನು ಹಲಗೆ ತುಳಿದ, ದೊಡ್ಡಮ್ಮ ಹಾಡಿತು. ಎಡಗೈ ಎಳೆದು ಬಿಟ್ಟ, ಅಕ್ಕ ಹಾಡಿತು. ತಡ ಮಾಡಿದ. ಈ ಸಲ ಅವಳ ಮುಖವನ್ನೇ ನೋಡುತ್ತ ತಡ ಮಾಡಿದ. ಆಮೇಲೆ ಪುಟ್ಟಿಯನ್ನು ಬಾರಿಸಿದ. ಅವಳ ರೆಪ್ಪೆ ಕೂಡ ಅಲುಗಲಿಲ್ಲ.

"ಕೇಳಿಸ್ತಾ?" ಎಂದು ಸುತ್ತಿನ ನಡುವೆಯೇ ಕೇಳಿದ.

"ದೊಡ್ಡಮ್ಮ ಕೇಳಿಸ್ತು. ಅಕ್ಕನೂ ಅಷ್ಟಿಷ್ಟು. ಪುಟ್ಟಿ ಇಲ್ಲ ರೀ, ಅವಳ ಸದ್ದು ನನಗೆ ಬಿಟ್ಟುಹೋಗಿ ವರ್ಷದ ಮೇಲಾಯ್ತು. ನಿಮಗೆ ಬೇಜಾರಾಗತ್ತೆ ಅಂತ ಹೇಳಿರಲಿಲ್ಲ."

ಅವನಿಗೆ ದುಃಖ ಒತ್ತರಿಸಿಕೊಂಡು ಬಂತು. ಪುಟ್ಟಿಯೇ ಕೇಳದಿದ್ದರೆ ಅದರ ಮುಂಚಿನ ತಡ ಎಲ್ಲಿ ಕೇಳೀತು? ಒಂದು ವರ್ಷ ತಡವಾಗಿ ಬಾಯಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡ.

"ಮುಖ ಯಾಕೆ ಹಾಗೆ ಮಾಡ್ತೀರಿ?" ಎಂದಳು ಅವಳು. "ತಡ ಕೇಳಿಸತ್ತೆ. ಅಕ್ಕ ಆದಮೇಲೆ ನೀವು ನಿಲ್ಲಿಸ್ತೀರಿ. ಪುಟ್ಟಿ ಬಾರಿಸಿದ್ದೇ ಊರಿಗೆ ಆ ತಡ ಮುಗಿದುಹೋಗತ್ತೆ, ನನಗೆ ಮುಗಿಯೋದೇ ಇಲ್ಲ."

ಇನ್ನೂ ಐದು ಸುತ್ತು ಬಾಕಿಯಿತ್ತು. ಗಂಟೆಮಾಮ ತೋಳಿನಲ್ಲಿ ಕಣ್ಣೊರೆಸಿಕೊಂಡು ಹಲಗೆಯ ಮೇಲೆ ಕಾಲಿಟ್ಟ. ಆ ಸಂಜೆ ಇಡೀ ಊರು ಪುಟ್ಟಿಗಾಗಿ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಯಿತು.