ಕಾಶಪ್ಪನ ಅಂಗೈಯ ಕಲ್ಲು

ಗಂಟು ಬಿಚ್ಚಲೊಲ್ಲದು. ಮಠದ ಅಯ್ಯ ರಾಚಯ್ಯನವರು ಉಗುರಿನಿಂದ ಎಳೆದು ನೋಡಿದರು, ಬೆರಳು ನೊಂದಿತೇ ಹೊರತು ಗಂಟು ಸಡಿಲಾಗಲಿಲ್ಲ. ಗೋಡೆಯ ಗೂಟಕ್ಕೆ ಆಸರೆಯಾಗಿ ಕಟ್ಟಿಸಿಕೊಂಡು, ಮೈತೊಳೆಸಿಕೊಂಡು, ಹಣೆತುಂಬ ವಿಭೂತಿ ಧರಿಸಿ ಕಾಶಪ್ಪ ಕುಳಿತಿದ್ದ. ಯಾರೋ ಆಡಿದ ಮಾತನ್ನು ಅರ್ಧ ಕೇಳಿ, ಉಳಿದರ್ಧ ತಿಳಿಯದೆ ಕಣ್ಣು ಮುಚ್ಚಿದವನಂತೆ ಕಾಣುತ್ತಿದ್ದ. ಅವನ ಕೊರಳಿನ ಲಿಂಗವಸ್ತ್ರ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೊನೆಯ ಪೂಜೆ ಮಾಡಬೇಕು. ಆಮೇಲೆ ಅಯ್ಯನವರು ಅವನ ತಲೆಯ ಮೇಲೆ ಪಾದವಿಡಬೇಕು. ಅದಾದ ಮೇಲೆಯೇ ಸಮಾಧಿಯ ಕುಣಿಗೆ ಒಯ್ಯುವುದು.

“ಕತ್ತರಸ್ರಿ ಅಯ್ಯಾರ,” ಎಂದಳು ಸತ್ತವನ ಅಕ್ಕ ಸಿದ್ದಲಿಂಗವ್ವ. ಅತ್ತು ಅತ್ತು ಅವಳ ದನಿ ಒಡೆದಿತ್ತು. “ಜೀವ ಇದ್ದಾಗೂ ಹಿಂಗ. ಒಂದ ಮಾತ ಬಾಯಿ ಬಿಚ್ಚಿ ಹೇಳ್ತಿದ್ದಿಲ್ಲ. ಈಗ ಗಂಟೂ ಬಿಚ್ಚಗೊಡವಲ್ಲ.”

ಗುರುಲಿಂಗವ್ವ ಗಂಡನ ಕಾಲ ಬಳಿ ಕುಳಿತಿದ್ದಳು. “ಕತ್ತರಸಬ್ಯಾಡ್ರಿ. ಒಂದೀಟ ನೀರ ಹಚ್ರಿ,” ಎಂದಳು.

ನೀರು ಹಚ್ಚಿದ ಮೇಲೆ ಗಂಟು ಬಿಟ್ಟಿತು. ಅಯ್ಯನವರು ಬಟ್ಟೆಯ ಮಡಿಕೆಗಳನ್ನು ತೆಗೆದು ಒಳಗಿದ್ದುದನ್ನು ತಮ್ಮ ಅಂಗೈಗೆ ತೆಗೆದುಕೊಂಡರು. ತೆಗೆದುಕೊಂಡವರು ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಿದರು.

ಅದು ಲಿಂಗವಾಗಿರಲಿಲ್ಲ. ಲಿಂಗಕ್ಕೆ ಮೆತ್ತುವ ಕರಿಯ ಕಂತಿ ಅದರ ಮೇಲಿರಲಿಲ್ಲ, ಆ ಆಕಾರವೂ ಇರಲಿಲ್ಲ. ನಿಂಬೆಕಾಯಿಯಷ್ಟು ದಪ್ಪನೆಯ ಬೂದು ಬಣ್ಣದ ಕಲ್ಲು. ಅದರ ಮೈಮೇಲೆ, ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದರೆ ಕಾಣುವಂತೆ, ಒಂದರೊಳಗೊಂದು ಬಳೆಗಳು. ಬಹಳ ಕಾಲ ಕೈಯಾಡಿದ್ದರಿಂದ ಒಂದು ಬದಿ ನುಣುಪಾಗಿತ್ತು.

“ಗುರುಲಿಂಗವ್ವಾ, ಇದೇನವಾ?”

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. “ನನಗ ಗೊತ್ತಿಲ್ರಿ. ಅವರ ಲಿಂಗ ನಾ ಹೆಂಗ ನೋಡ್ಲಿರಿ? ಗ್ವಾಡಿ ಕಡೆ ಮಾರಿ ಮಾಡಿ, ಕೈಮ್ಯಾಲ ವಸ್ತ್ರ ಹೊಚ್ಚಿ ಪೂಜಿ ಮಾಡ್ತಿದ್ರು.”

“ಇವಗ ಲಿಂಗಾ ಕಟ್ಟಿದಾವ್ರು ನಮ್ಮಪ್ಪಾರು. ನಾ ಬಾಜೂಕ ಕುಂತಿದ್ದೆ. ಆ ಲಿಂಗ ಎಲ್ಲಿ ಹೋತು?” ಎಂದರು ಅಯ್ಯನವರು.

ಅಂಗಳದಲ್ಲಿದ್ದವರು ಬಾಗಿಲಿಗೆ ಬಂದರು. ಭಜನೆಯ ತಾಳ ನಿಂತಿತು. ಸಿದ್ದಲಿಂಗವ್ವ ಎದೆ ಬಡಿದುಕೊಂಡಳು. “ಅಂದ ಹೇಳಿದ್ನಿ ನಾ! ಕಲ್ಲ ಸಾಹೇಬನ ಹಿಂದ ಹೋಗಬ್ಯಾಡೋ ಅಂತ. ಅವನ್ನ ಕಿರಿಸ್ತಾನ ಮಾಡ್ಯಾರ್ರಿ, ಲಿಂಗಾ ಕಸಗೊಂಡು ಕೈಯಾಗ ಕಲ್ಲ ಕೊಟ್ಟಾರ!”

“ಕಿರಿಸ್ತಾನ್ರು ಕಲ್ಲ ಎಲ್ಲಿ ಕಟ್ಟಕೋತಾರವಾ,” ಎಂದ ಓಣಿಯ ಮುದುಕನೊಬ್ಬ. “ಅವರದ ಶಿಲುಬಿ.”

“ನಿನಗೇನ ಗೊತ್ತು? ಇದು ಬ್ಯಾರೆ ನಮೂನಿ ಕಿರಿಸ್ತಾನ ಇರಬೇಕು.”

ಲಿಂಗವಿಲ್ಲದವನ ತಲೆಯ ಮೇಲೆ ಅಯ್ಯನವರು ಪಾದವಿಡುವಂತಿಲ್ಲ. ಪಾದವಿಡದಿದ್ದರೆ ಭಕ್ತರ ಸಮಾಧಿಗಳ ಸಾಲಿನಲ್ಲಿ ಕಾಶಪ್ಪನಿಗೆ ಜಾಗವಿಲ್ಲ. ಹಳ್ಳದ ಆಚೆ ಎಲ್ಲಿಯೋ ಮಣ್ಣು ಮಾಡಬೇಕು. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗುರುಲಿಂಗವ್ವನಿಗೂ ಗೊತ್ತಿತ್ತು. ಅವಳು ಗಂಡನ ಪಾದವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

*

ಹಲವು ವರ್ಷಗಳ ಹಿಂದೆ, ಎಡ್ವರ್ಡ್ ಚಕ್ರವರ್ತಿ ಪಟ್ಟಕ್ಕೆ ಬಂದ ಮರುವರ್ಷದ ಚಳಿಗಾಲದಲ್ಲಿ ಕಲ್ಲ ಸಾಹೇಬ ಬಾಗಲಕೋಟೆಗೆ ಬಂದ. ಭೂಮಿಯನ್ನು ಶೋಧಿಸುವ ಸರಕಾರದ ಕಚೇರಿ ಕಲಕತ್ತೆಯಲ್ಲಿದೆಯೆಂದೂ ಅವನು ಅಲ್ಲಿಂದ ಬಂದವನೆಂದೂ ಜನ ಹೇಳಿದರು. ಚಿನ್ನ ಹುಡುಕಲು ಬಂದಿದ್ದಾನೆ ಎಂದರು ಕೆಲವರು. ಸುರಂಗ ಹೊಡೆಯಲು ಎಂದರು ಮತ್ತೆ ಕೆಲವರು. ಅವನಿಗೆ ಡೇರೆ ಹೊರಲು, ಕಲ್ಲು ಒಡೆಯಲು ಆಳು ಬೇಕಾಗಿತ್ತು. ಊರಿನ ಮುರ್ತುಜಸಾಬನ ಬಂಡಿ ಬಾಡಿಗೆಗೆ ಗೊತ್ತಾಯಿತು. ಅವನ ಮಾತಿನ ಮೇಲೆ ಕಾಶಪ್ಪನೂ ಹೊರಟ.

ಇಳಕಲ್ಲಿನ ಕೆಂಪು ಕಲ್ಲು, ಹುನಗುಂದದ ಕರಿಕಲ್ಲು, ಬಾದಾಮಿಯ ಗುಡ್ಡ, ಬಾಗಲಕೋಟೆಯ ಆಚೆಗಿನ ಸುಣ್ಣಗಲ್ಲಿನ ಹಳ್ಳ, ಹೀಗೆ ಅಲೆದರು. ಯಾವ ಕಲ್ಲಿನ ಮೇಲೆ ಯಾವ ಕಲ್ಲು ಕುಳಿತಿದೆ, ಯಾವುದು ಮೊದಲು ಹುಟ್ಟಿತು ಎಂಬುದು ಸಾಹೇಬನಿಗೆ ಬೇಕಾಗಿತ್ತು. ಕಾಶಪ್ಪನಿಗೆ ಇದು ಅರ್ಥವಾಗಲಿಲ್ಲ. ಕಲ್ಲು ಹುಟ್ಟುವುದೆಂದರೇನು? ಬಾದಾಮಿಯ ಗುಡ್ಡದ ನೆತ್ತಿಯ ಮೇಲೆ ಸಾಹೇಬ ಒಂದು ಹಾಸುಗಲ್ಲಿನ ಮೇಲೆ ಅವನ ಕೈಯಿಟ್ಟು ಸವರಿಸಿದ. ಹೊಳೆಯ ದಂಡೆಯ ಮರಳಿನಲ್ಲಿ ನೀರು ಬರೆದು ಹೋದಂಥ ಗೆರೆಗಳು ಕೈಗೆ ಹತ್ತಿದವು. ಇಲ್ಲಿ ನೀರಿತ್ತು ಎಂದ ಸಾಹೇಬ. ಕಾಶಪ್ಪ ಕೆಳಗೆ ನೋಡಿದ. ಊರು ಅಂಗೈಯಷ್ಟು ಕಾಣುತ್ತಿತ್ತು. ಇಷ್ಟು ಎತ್ತರದ ಮೇಲೆ ಯಾವ ನೀರು?

ಊರಿಗೆ ಬಂದಾಗ ಹೆಂಡತಿಗೆ ಹೇಳಿದ. “ಗುಡ್ಡದ ಮ್ಯಾಲ ನೀರಿನ ಅಲಿ ಅದಾವ.”

“ಬೆಲ್ಲಾ ತಂದೀರೇನ ಅಂದ್ರ ಅಲಿ ಅದಾವ ಅಂತೀರಿ,” ಎಂದಳು ಗುರುಲಿಂಗವ್ವ. “ಬಿಸಲ ಹತ್ತೇತಿ ನಿಮಗ. ಮಜ್ಜಗಿ ಕುಡೀರಿ.”

ಅವನು ಮಜ್ಜಿಗೆ ಕುಡಿದ. ಮತ್ತೆ ಆ ಮಾತು ತೆಗೆಯಲಿಲ್ಲ.

*

ಕುಣಿಗೆ ಬೇಕಾದ ಉಪ್ಪು, ವಿಭೂತಿ ಹೇರಿಕೊಂಡು ಮುರ್ತುಜಸಾಬ ಪೇಟೆಯಿಂದ ಬಂದ. ಉಪ್ಪಿನ ಚೀಲವನ್ನು ಕಟ್ಟೆಗೆ ಇಳಿಸಿ, ಒಳಗೆ ತಾಳ ಕೇಳದಿರುವುದನ್ನು ಕಂಡು, ಹೊಸ್ತಿಲ ಹೊರಗೇ ನಿಂತ.

“ನೀ ಅವನ ಜೋಡಿ ಅಡ್ಡಾಡಿದಾಂವಲ್ಲ,” ಎಂದು ಓಣಿಯ ಮುದುಕ ಕೇಳಿದ, “ಇದರ ಗುರುತ ಐತೇನೊ?”

ಅಯ್ಯನವರು ಅಂಗೈ ಚಾಚಿ ತೋರಿಸಿದರು. ಮುರ್ತುಜಸಾಬ ಬಗ್ಗಿ ನೋಡಿದ.

“ಯಾ ಅಲ್ಲಾ. ಇನ್ನೂ ಇದ್ನ ಕಟ್ಟಿಕೊಂಡಿದ್ನೇನ್ರಿ?”

“ಏನಿದು?”

“ಹೇಳಬ್ಯಾಡ ಅಂತ ಕೈಮ್ಯಾಲ ಕೈ ಹಾಕಿಸಿಕೊಂಡಿದ್ದ.” ಅವನು ಸತ್ತವನ ಕಡೆಗೆ ನೋಡಿದ. ಆಮೇಲೆ ಗುರುಲಿಂಗವ್ವನ ಕಡೆಗೆ. “ಈಗ ಹೇಳ್ಲೇನ ತಂಗೆವ್ವಾ?”

“ಹೇಳಣ್ಣಾ. ಇಲ್ಲಂದ್ರ ಇವರನ್ನ ಹಳ್ಳದಾಚಿಕ ಹಾಕ್ತಾರ.”

“ಅವನ ಲಿಂಗ ಕಲಕತ್ತೆಕ್ಕ ಹೋತು ನೋಡ್ರಿ.”

ಯಾರಿಗೂ ತಿಳಿಯಲಿಲ್ಲ. ಬಾಗಿಲಲ್ಲಿದ್ದವನೊಬ್ಬ, “ಕಲಕತ್ತೆ ಅಂದ್ರ ಎಷ್ಟ ದೂರಾತು?” ಎಂದ.

“ಕಾಶಿ ದಾಟಿ ಹೋಗಬೇಕು.”

“ಹಂಗಾರ ಕಾಶಪ್ಪಗಿಂತ ಅವನ ಲಿಂಗನ ಮುಂದ ಹೋತು.”

ಯಾರೋ ನಕ್ಕರು. ಸಿದ್ದಲಿಂಗವ್ವ ತಿರುಗಿ ನೋಡಿದಳು, ನಗು ನಿಂತಿತು.

*

ಸುಣ್ಣಗಲ್ಲಿನ ಹಳ್ಳದಲ್ಲಿ ಡೇರೆ ಹಾಕಿದ್ದಾಗ ಅಕಾಲದ ಮಳೆ ಬಂದು ಸಾಹೇಬನ ಕಾಗದಗಳೆಲ್ಲ ತೊಯ್ದವು. ಕಲ್ಲು ಸುತ್ತಲು ಕಾಗದವಿಲ್ಲವೆಂದು ಸಾಹೇಬ ಹಳೆಯ ಪಂಚೆಯೊಂದನ್ನು ಹರಿಯಲು ಹೇಳಿದ. ಕಾಶಪ್ಪ ತುಂಡುಗಳಲ್ಲಿ ಕಲ್ಲು ಸುತ್ತಿ ಗಂಟು ಹಾಕಿದ. ಅವನಿಗೆ ಬರುತ್ತಿದ್ದ ಗಂಟು ಒಂದೇ, ಲಿಂಗವಸ್ತ್ರಕ್ಕೆ ಹಾಕುವುದು. ಅದೇ ದಿನ ಬಂಡೆಯ ಅಂಚಿನಲ್ಲಿ ಸಿಕ್ಕಿ ಅವನ ಕೊರಳ ಶಿವದಾರ ಹರಿಯಿತು. ಲಿಂಗವನ್ನು ಬಟ್ಟೆಯ ಸಮೇತ ಉಡಿಯಲ್ಲಿ ಇಟ್ಟುಕೊಂಡ. ಉಡಿಯಲ್ಲಿ ಕಲ್ಲುಗಳೂ ಇದ್ದವು. ಸಂಜೆ ಸಾಹೇಬ ಅವಸರ ಮಾಡಿದ. ಕಾಶಪ್ಪ ಗಂಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ತನ್ನ ಲಿಂಗವೆಂದು ಒಂದನ್ನು ತೆಗೆದು ಹೊಸ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಪೆಟ್ಟಿಗೆಗೆ ಮೊಳೆ ಹೊಡೆದು ಮುರ್ತುಜಸಾಬ ಬಾಗಲಕೋಟೆಯ ಸ್ಟೇಶನ್ನಿಗೆ ಒಯ್ದ.

ಬೆಳಿಗ್ಗೆ ಮಿಂದು ಪೂಜೆಗೆ ಕುಳಿತಾಗ ಗಂಟಿನೊಳಗಿಂದ ಬಳೆಗಳ ಕಲ್ಲು ಬಂತು.

ಓಡಿದ. ದಾರಿಯಲ್ಲಿ ಬರಿಯ ಬಂಡಿ ಹೊಡೆದುಕೊಂಡು ಬರುತ್ತಿದ್ದ ಮುರ್ತುಜಸಾಬ ಎದುರಾದ. ಪೆಟ್ಟಿಗೆ ರೈಲು ಹತ್ತಿತ್ತು. ಕಾಶಪ್ಪ ದಾರಿಯ ನಡುವೆ ಕುಳಿತುಬಿಟ್ಟ. ಲಿಂಗ ಕಳೆದುಕೊಂಡವನು ಜೀವ ಇಟ್ಟುಕೊಳ್ಳಬಾರದೆಂದು ರಾಚಯ್ಯನವರ ತಂದೆ, ಹಿರಿಯ ಅಯ್ಯನವರು, ಮಠದಲ್ಲಿ ಹೇಳುವುದನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. “ಹೊಳಿ ಎಲ್ಲಿ ಆಳ ಐತಿ ಮುರ್ತುಜಾ?” ಎಂದು ಕೇಳಿದ. ಮುರ್ತುಜಸಾಬ ಅವನನ್ನು ಬಂಡಿಗೆ ಎತ್ತಿ ಹಾಕಿಕೊಂಡು ಸಾಹೇಬನ ಮುಂದೆ ಇಳಿಸಿದ. ತನಗೆ ಬರುವ ಹಿಂದುಸ್ತಾನಿಯಲ್ಲಿ ಎಲ್ಲ ಹೇಳಿದ. ಸಾಹೇಬ ಪಾಪ ಬಹಳ ನೊಂದುಕೊಂಡ. ಬರೆಯುತ್ತೇನೆ, ಹುಡುಕಿಸುತ್ತೇನೆ, ಮುಂದಿನ ಚಳಿಗಾಲಕ್ಕೆ ನಾನೇ ತರುತ್ತೇನೆ ಎಂದ. ಆಮೇಲೆ ಕಾಶಪ್ಪನ ಕೈಯಲ್ಲಿದ್ದ ಕಲ್ಲನ್ನು ಕೇಳಿ ಇಸಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿದ. ಹಿಂದಿನ ದಿನ, ಇದು ಒಂದು ಕಾಲಕ್ಕೆ ಸಮುದ್ರದಲ್ಲಿ ಜೀವವಿದ್ದದ್ದು ಎಂದಿದ್ದ. ಈಗ, ಇಲ್ಲ, ಬರಿಯ ಸುಣ್ಣದ ಕೆಸರೂ ಇರಬಹುದು ಎಂದ. ಹೇಳುತ್ತ ಹೇಳುತ್ತ ಅವನೇ ಗೊಂದಲಕ್ಕೆ ಬಿದ್ದು, ಕಲ್ಲನ್ನು ಕಾಶಪ್ಪನ ಕೈಗೇ ಮರಳಿ ಕೊಟ್ಟ.

ಪೂಜೆಯಿಲ್ಲದೆ ಕಾಶಪ್ಪ ಉಣ್ಣುವವನಲ್ಲ. ಆ ದಿನ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಆ ಮರುದಿನ ಕಣ್ಣು ಕತ್ತಲೆ ಬಂದು, ಹಳ್ಳದ ನೀರಲ್ಲಿ ಮಿಂದು, ಆ ಕಲ್ಲನ್ನೇ ಅಂಗೈಯಲ್ಲಿಟ್ಟುಕೊಂಡ. ಇವತ್ತೊಂದು ದಿನ ಎಂದುಕೊಂಡ.

ಮುಂದಿನ ಚಳಿಗಾಲಕ್ಕೆ ಬೇರೊಬ್ಬ ಸಾಹೇಬ ಬಂದ.

*

ಮುರ್ತುಜಸಾಬ ಹೇಳಿ ಮುಗಿಸಿದಾಗ ಸಿದ್ದಲಿಂಗವ್ವ ಅಳುವುದನ್ನು ನಿಲ್ಲಿಸಿದ್ದಳು. “ಹುಚ್ಚಪ್ಪ,” ಎಂದಳು ಮೆಲ್ಲಗೆ. “ಇಷ್ಟ ವರ್ಷ ಒಬ್ಬನ ನುಂಗಿಕೊಂಡಾನ. ಅಯ್ಯಾರ, ನಿಮ್ಮಲ್ಲಿ ಬಂದ ಕೇಳಿದ್ರ ಬ್ಯಾರೆ ಲಿಂಗಾ ಕೊಡ್ತಿದ್ದಿಲ್ಲೇನ್ರಿ?”

ತಂದೆಯಿದ್ದಾಗ ಬಂದಿದ್ದರೆ ತಂದೆ ಏನು ಹೇಳುತ್ತಿದ್ದರೋ ಅಯ್ಯನವರಿಗೆ ಗೊತ್ತಿತ್ತು. ತಾವು ಏನು ಹೇಳುತ್ತಿದ್ದೆವು ಎಂಬುದು ಗೊತ್ತಿರಲಿಲ್ಲ.

“ಮಠದಾಗ ಹೊಸಾ ಲಿಂಗ ಐತಿ,” ಎಂದರು ಕೊನೆಗೆ. “ತರಸ್ತೇನಿ. ಅದನ್ನ ಕೈಯಾಗ ಇಡೂಣು.”

“ಅದಕ್ಕ ಇವರ ಗುರ್ತ ಎಲ್ಲೈತ್ರಿ?” ಎಂದಳು ಗುರುಲಿಂಗವ್ವ.

“ಹಂಗಲ್ಲವಾ. ಕಲ್ಲ ಲಿಂಗ ಆಗೂದು ಗುರುವಿನ ಕೈಯಿಂದ. ಗುರು ಹಸ್ತಾ ಇಟ್ಟು, ಕಿವ್ಯಾಗ ಮಂತ್ರಾ ಹೇಳಿ ಕೊಡಬೇಕು. ಇದನ್ನ ಯಾರ ಕೊಟ್ಟಾರ? ಹಳ್ಳದಾಗ ಒಡದು ತಂದದ್ದು.”

“ಹಂಗಾರ ಕೈ ನಿಮ್ಮದ ಐತಲ್ರಿ. ಆಗಲೆ ಹಿಡಕೊಂಡ ನಿಂತೀರಿ.”

ಅಯ್ಯನವರು ತಮ್ಮ ಕೈ ನೋಡಿಕೊಂಡರು. ಕಲ್ಲು ಅಲ್ಲಿಯೇ ಇತ್ತು. ಕೆಳಗಿಡಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

“ಸತ್ತಾವಗ ದೀಕ್ಷಾ ಇಲ್ಲ ಗುರುಲಿಂಗವ್ವಾ. ಕೇಳೂ ಕಿವಿ ಬೇಕು.”

“ನನ್ನ ಕಿವಿ ಕೇಳ್ತಾವ್ರಿ. ನನಗ ಹೇಳ್ರಿ. ಅವರಿಗೆ ನಾ ಹೇಳ್ತೇನಿ.”

“ಅದ್ಯಾವ ಪದ್ಧತಿ?” ಎಂದಳು ಸಿದ್ದಲಿಂಗವ್ವ. ಆದರೆ ಅವಳ ದನಿಯಲ್ಲಿ ಜಗಳವಿರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು. ಉತ್ತರ ಹೇಳಬೇಕಾದವರು ಅಯ್ಯನವರೊಬ್ಬರೇ. ಅವರು ಗೋಡೆಗೆ ಒರಗಿದ್ದ ಕಾಶಪ್ಪನನ್ನು ನೋಡಿದರು. ಅಂಗಳದಲ್ಲಿ ಯಾವುದೋ ಎತ್ತು ಕೊರಳು ಕೊಡವಿತು.

ಆಮೇಲೆ ಅವರು ಬಾಗಿದರು. ಗುರುಲಿಂಗವ್ವ ಸೆರಗು ಸರಿಸಿ ಬಲಗಿವಿ ಕೊಟ್ಟಳು. ಅವರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಅವಳು ಎದ್ದು ಹೋಗಿ ಗಂಡನ ಕಿವಿಯ ಹತ್ತಿರ ಬಾಯಿಟ್ಟಳು. ಮಂತ್ರ ಚಿಕ್ಕದು. ಅವಳು ಅದಕ್ಕಿಂತ ಹೆಚ್ಚು ಹೊತ್ತು ಅಲ್ಲಿಯೇ ಇದ್ದಳು. ಇನ್ನೇನು ಹೇಳಿದಳೋ ಶಿವನೇ ಬಲ್ಲ.

ಅಯ್ಯನವರು ಕಲ್ಲಿಗೆ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಾಶಪ್ಪನ ಎಡ ಅಂಗೈಯಲ್ಲಿಟ್ಟರು. ಆಮೇಲೆ ಅವನ ತಲೆಯ ಮೇಲೆ ಪಾದವಿಟ್ಟರು. ಮೆಲ್ಲಗೆ ಇಟ್ಟರು, ಎಚ್ಚರವಾದೀತೆಂಬಂತೆ.

*

ಭಕ್ತರ ಸಾಲಿನಲ್ಲಿಯೇ ಕುಣಿ ತೋಡಿದ್ದರು. ಕಾಶಪ್ಪನನ್ನು ಕುಣಿಯ ಗೂಡಿನೊಳಗೆ ಕೂಡಿಸಿ, ಉಪ್ಪು, ವಿಭೂತಿ, ಪತ್ರಿ ತುಂಬಿ ಮಣ್ಣು ಎಳೆದರು. ಮುರ್ತುಜಸಾಬ ದೂರದಲ್ಲಿ ನಿಂತು, ಎಲ್ಲರೂ ಹೋದ ಮೇಲೆ ಬಂದು, ಮೂರು ಹಿಡಿ ಮಣ್ಣು ಹಾಕಿದ. ಸರಿಯಾಯಿತೋ ತಪ್ಪಾಯಿತೋ ಎಂದು ದಾರಿಯುದ್ದಕ್ಕೂ ಜನ ತಮ್ಮ ತಮ್ಮಲ್ಲೇ ಮಾತಾಡುತ್ತ ಬಂದರು. ಅಯ್ಯನವರನ್ನು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಎಲ್ಲರೂ ಹೊಳೆಯಲ್ಲಿ ಮಿಂದು ಬಂದರು. ನೆರೆಮನೆಯವರು ರೊಟ್ಟಿ, ಬ್ಯಾಳಿ ತಂದಿಟ್ಟಿದ್ದರು. ಅಯ್ಯನವರು ಪೂಜೆ ಮುಗಿಸಿ ಉಂಡ ಮೇಲೆಯೇ ಉಳಿದವರ ಊಟ. ಗುರುಲಿಂಗವ್ವ ಒಳಮನೆಯಲ್ಲಿ ಮಣೆ ಹಾಕಿ, ನೀರಿನ ತಂಬಿಗೆ ಇಟ್ಟು ಹೊರಗೆ ಬಂದು ಕುಳಿತಳು.

ರಾಚಯ್ಯನವರು ಗೋಡೆಗೆ ಮುಖ ಮಾಡಿ ಕುಳಿತು ಬೆಳ್ಳಿಯ ಕರಡಿಗೆ ತೆರೆದರು. ತಮ್ಮ ಲಿಂಗವನ್ನು ಅಂಗೈಗೆ ತೆಗೆದುಕೊಂಡು ನೀರೆರೆದರು. ಒಂದು ಅಂಚಿನಲ್ಲಿ ಕರಿಯ ಕಂತಿ ಜೋಳದ ಕಾಳಿನಷ್ಟು ಎದ್ದುಹೋಗಿತ್ತು. ಯಾವಾಗ ಹೋಯಿತೋ ಅವರು ನೋಡಿಯೇ ಇರಲಿಲ್ಲ. ಅದರಡಿ ಒಳಗಿನ ಕಲ್ಲು ತಿಳಿಯಾಗಿ ಹೊಳೆಯಿತು, ಯಾವ ಹಳ್ಳದ್ದೋ. ವಿಭೂತಿಗೆ ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ಎದ್ದು, ಗವಾಕ್ಷಿಯ ಬೆಳಕು ಬೀಳುವಲ್ಲಿಗೆ ಹೋಗಿ ನಿಂತರು.

“ಅಯ್ಯಾರ,” ಎಂದು ಗುರುಲಿಂಗವ್ವ ಹೊರಗಿನಿಂದ ಕರೆದಳು, “ರೊಟ್ಟಿ ಆರತಾವ್ರಿ.”

ಅಂಗೈಯ ನೀರು ಮುಂಗೈಗೆ ಇಳಿದು ಮೊಳಕೈಯಿಂದ ತೊಟ್ಟಿಕ್ಕುತ್ತಿತ್ತು. ಅಯ್ಯನವರು ಅಂಗೈಯನ್ನು ಬೆಳಕಿಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ ವಾಲಿಸುತ್ತ ನಿಂತೇ ಇದ್ದರು.